ಧ್ಯಾನಕ್ಕೆ ಕುಳಿತರೆ ಹಳೆಯ ಸಿಟ್ಟು ಏಳುತ್ತದೆ: ಮನೋವೈದ್ಯೆಯ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ಹಾಸನದ ಮನೋವೈದ್ಯೆಯೊಬ್ಬರು ಈ ಸಂಜೆ ನಮ್ಮ ಧ್ಯಾನ ಬಳಗದ ವಾಟ್ಸಾಪ್ ಗುಂಪಿನಲ್ಲಿದ್ದಾರೆ. ಸಾಧನೆಯ ದಾರಿಯಲ್ಲಿ, ಅದುಮಿಟ್ಟ ಭಾವಗಳು ಮೇಲೆದ್ದಾಗ ಏನು ಮಾಡಬೇಕೆಂದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಬೇಲೂರಿನ ಸದಸ್ಯ: ಮೇಡಂ, ಮೂರು ತಿಂಗಳಿಂದ ಧ್ಯಾನ ಮಾಡುತ್ತಿದ್ದೇನೆ. ಮೊದಲು ಬರದಿದ್ದ ಸಿಟ್ಟು ಈಗ ಬರುತ್ತಿದೆ. ದಾರಿ ತಪ್ಪಿದ್ದೇನೆಯೇ?

ಡಾಕ್ಟರ್: ಮೊದಲೂ ಬರುತ್ತಿತ್ತು, ಗದ್ದಲದಲ್ಲಿ ಕೇಳಿಸುತ್ತಿರಲಿಲ್ಲ. ‘ನನಗೆ ಸಿಟ್ಟು ಬಂದಿದೆ’ ಎಂದು ಒಪ್ಪಿಕೊಳ್ಳುವುದು ಬೇರೆ, ಹೆಂಡತಿಯ ಮೇಲೆ ಕೂಗಾಡುವುದು ಬೇರೆ. ಮೊದಲನೆಯದನ್ನು ಮಾಡಿ.

ಕಡೂರಿನ ಸದಸ್ಯ: ನನಗೂ ಸಿಟ್ಟು ಬರುತ್ತದೆ. ಪರಿಹಾರ?

ಡಾಕ್ಟರ್: ಮೇಲೆ ಓದಿ.

ಕೊಪ್ಪದ ಸದಸ್ಯ: ಬೆನ್ನುಹುರಿಯಲ್ಲಿ ಬಿಸಿ ಏರಿದಂತಾಗುತ್ತದೆ. ಕುಂಡಲಿನಿಯೇ ಮೇಡಂ?

ಸಕಲೇಶಪುರದ ಸದಸ್ಯೆ: ನನಗೆ 54. ತವರಿನಲ್ಲಿ ಕಾಫಿ ತೋಟವಿದೆ. ಹದಿನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅಣ್ಣ ಕೇಳಿದನೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದೆ. ಮನಃಪೂರ್ವಕವಾಗಿ ಹಾಕಿದೆ ಎಂದೇ ನಂಬಿದ್ದೆ. ಪ್ರತಿ ವರ್ಷ ಗೌರಿ ಬಾಗಿನ ಬರುತ್ತದೆ. ಆದರೆ ಈಗ ಧ್ಯಾನಕ್ಕೆ ಕಣ್ಣು ಮುಚ್ಚಿದರೆ ಆ ತೋಟ, ಅಣ್ಣನ ಮುಖ. ಅವನ ಗಿಡಗಳಿಗೆ ಬಿಳಿ ಕಾಂಡಕೊರಕ ಹತ್ತಲಿ ಎಂದು ಮನಸ್ಸು ಬಯಸುತ್ತದೆ. ಕ್ಷಮಿಸಿಬಿಡು ಎನ್ನುತ್ತಾರೆ ಗುರುಗಳು. ದಿನವೂ ಕ್ಷಮಿಸುತ್ತೇನೆ, ಮಾರನೆಯ ಬೆಳಿಗ್ಗೆ ಮತ್ತೆ ಕಾಂಡಕೊರಕ. ನಾನು ಇಷ್ಟು ಕೆಟ್ಟವಳೇ?

ಡಾಕ್ಟರ್: ಅಮ್ಮ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಸಹಿ ಹಾಕಿದವಳು ನೀವು. ಹಾಕಲು ಒಲ್ಲದವಳೊಬ್ಬಳೂ ಅಂದು ಅಲ್ಲೇ ಕುಳಿತಿದ್ದಳು. ಅವಳನ್ನು ಅಣ್ಣ ಕೇಳಲಿಲ್ಲ, ನೀವೂ ಕೇಳಲಿಲ್ಲ. ಒಳ್ಳೆಯವರೆನಿಸಿಕೊಳ್ಳಲು ನಾವು ಕಣ್ಣಿಗೆ ಬೀಳದಂತೆ ಒಳಗೆ ತಳ್ಳಿದ್ದನ್ನು ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ (1875–1961) ‘ನೆರಳು’ ಎಂದು ಕರೆದರು.

ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಶ್ರವಣಬೆಳಗೊಳದಲ್ಲಿ, ಸುಮಾರು 981ರಲ್ಲಿ ಚಾವುಂಡರಾಯ ಮಾಡಿಸಿದ ಬಾಹುಬಲಿ ನಿಂತಿದ್ದಾನಲ್ಲ, ಅವನದೂ ಅಣ್ಣ ಮತ್ತು ನೆಲದ ಕಥೆಯೇ. ಭರತನನ್ನು ಗೆದ್ದೂ ರಾಜ್ಯ ಬಿಟ್ಟ. ಒಂದು ವರ್ಷ ನಿಂತ, ಕಾಲ ಬಳಿ ಹುತ್ತ ಬೆಳೆಯಿತು, ತೋಳಿಗೆ ಬಳ್ಳಿ ಹಬ್ಬಿತು. ಆದರೂ ‘ನಿಂತಿರುವುದು ಅಣ್ಣನ ನೆಲದ ಮೇಲೆ’ ಎಂಬ ಮುಳ್ಳು ಒಳಗೆ ಉಳಿದಿತ್ತಂತೆ. ಭರತ ಬಂದು ನಮಸ್ಕರಿಸಿದ ಮೇಲೆ ಅದು ಹೋಯಿತು.

ನಿಮ್ಮ ಭರತ ಬಾರದಿರಬಹುದು. ಹಾಗಾಗಿ ಕ್ಷಮೆಯನ್ನು ಸದ್ಯ ಬದಿಗಿಡಿ. ಅಣ್ಣನಿಗೊಂದು ಪತ್ರ ಬರೆಯಿರಿ, ಕಳುಹಿಸಬೇಡಿ. ‘ನನಗೂ ಬೇಕಿತ್ತು’ ಎಂದು ಶುರುಮಾಡಿ. ಇಪ್ಪತ್ತು ನಿಮಿಷವಾದ ಮೇಲೆ ಮುಚ್ಚಿಟ್ಟು ಹೊರಗೆ ನಡೆದಾಡಿ ಬನ್ನಿ. ನೀವು ಬಯಸಿದ ಮಾತ್ರಕ್ಕೆ ಯಾವ ಗಿಡಕ್ಕೂ ಹುಳ ಹತ್ತುವುದಿಲ್ಲ. ನಿದ್ದೆ, ಊಟ ಕೆಟ್ಟರೆ ಮಾತ್ರ ಬರೆಯುವುದನ್ನು ನಿಲ್ಲಿಸಿ ಮನೋವೈದ್ಯರನ್ನು ಕಾಣಿ. ಒಂದು ಪ್ರಶ್ನೆ: ಈಗ ತವರಿಗೆ ಹೋದರೆ ತೋಟದೊಳಗೆ ಹೋಗುತ್ತೀರಾ?

ಚನ್ನರಾಯಪಟ್ಟಣದ ಸದಸ್ಯ: ಕ್ಷಮಿಸಿ ಮೇಡಂ, ಬಾಹುಬಲಿಯಲ್ಲಿ ಉಳಿದದ್ದು ಮಾನಕಷಾಯ, ಅಂದರೆ ಅಹಂಕಾರವೆಂಬ ಕೊಳೆ. ಅದನ್ನು ಕ್ಷಯ ಮಾಡಬೇಕು, ಅಪ್ಪಿಕೊಳ್ಳಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಡಾಕ್ಟರ್: ಶಾಸ್ತ್ರದ ಮಾತಿನಲ್ಲಿ ನೀವೇ ಸರಿ. ಆದರೆ ಎಲ್ಲಿ ಚುಚ್ಚಿದೆ ಎಂದು ನೋಡದೆ ಮುಳ್ಳು ತೆಗೆಯಲು ನನಗೆ ಬರುವುದಿಲ್ಲ.

ಆಲೂರಿನ ಸದಸ್ಯ: ಪತ್ರವೇಕೆ, ಕೇಸು ಹಾಕಿ ಅಕ್ಕ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲಿದೆ.

ಚಿಕ್ಕಮಗಳೂರಿನ ಸದಸ್ಯ: ಸಹಿ ಹಾಕಿಕೊಟ್ಟ ಮೇಲೆ ಎಂಥ ಕೇಸು? ಅಲ್ಲದೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ವಿಭಾಗವಾಗಿದ್ದರೆ ಆ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ.

ಹಾಸನದ ಸದಸ್ಯೆ: ಸೀರೆ ಕೊಟ್ಟು ತೋಟ ತೆಗೆದುಕೊಂಡ ಅಣ್ಣಂದಿರಿಗೆ ತಾರೀಖು ಚೆನ್ನಾಗಿ ನೆನಪಿರುತ್ತದೆ.

ಚಿಕ್ಕಮಗಳೂರಿನ ಸದಸ್ಯ: ನಮ್ಮ ಮನೆಯ ವಿಷಯ ನಿಮಗೇನು ಗೊತ್ತು?

ಹಾಸನದ ಸದಸ್ಯೆ: ನಿಮ್ಮ ಮನೆಯ ಮಾತನ್ನು ನಾನು ಎತ್ತಲೇ ಇಲ್ಲ. ನೀವೇ ಎತ್ತಿಕೊಂಡಿರಿ.

ಸಕಲೇಶಪುರದ ಸದಸ್ಯೆ: ಇಲ್ಲ ಮೇಡಂ, ತೋಟದೊಳಗೆ ಹೋಗುವುದಿಲ್ಲ. ಜಗಲಿಯ ಮೇಲೆ ಕುಳಿತು ಕಾಫಿ ಕುಡಿದು ಬರುತ್ತೇನೆ.

ಚಿಕ್ಕಮಗಳೂರಿನ ಸದಸ್ಯ: ನಿರ್ವಾಹಕರೇ, ಇಂಥವರನ್ನು ಏಕೆ ಇಟ್ಟುಕೊಂಡಿದ್ದೀರಿ?

ಅರಕಲಗೂಡಿನ ಸದಸ್ಯ: ಬಂದದ್ದನ್ನು ಹಾಗೆಯೇ ಕಳುಹಿಸುತ್ತಿದ್ದೇನೆ: 21 ದಿನ ಉಪ್ಪು ಬಿಟ್ಟು, ಬ್ರಾಹ್ಮೀ ಮುಹೂರ್ತದಲ್ಲಿ ನಿಂಬೆರಸ ಕುಡಿದರೆ ಅದುಮಿಟ್ಟ ಕೋಪವೆಲ್ಲ ಬೆವರಿನಲ್ಲಿ ಹೊರಹೋಗುತ್ತದೆ. ಹತ್ತು ಜನರಿಗೆ ಕಳುಹಿಸಿ.

ಡಾಕ್ಟರ್: ಕೋಪ ಬೆವರಿನಲ್ಲಿ ಹೋಗುವಂತಿದ್ದರೆ ತೋಟದಲ್ಲಿ ದುಡಿಯುವ ಯಾರಿಗೂ ಕೋಪವೇ ಇರಬಾರದಿತ್ತು. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು, ವಯಸ್ಸಾದವರು ಇದನ್ನು ನಂಬಿ ತಲೆಸುತ್ತಿ ಬಿದ್ದರೆ ನೀವು ಬಂದು ಎತ್ತುತ್ತೀರಾ? ಅಳಿಸಿ.

ಅರಕಲಗೂಡಿನ ಸದಸ್ಯ: ನಮ್ಮ ಹಿರಿಯರು ಮೂರ್ಖರೇ?

ಡಾಕ್ಟರ್: ಹಿರಿಯರು ವಾಟ್ಸಾಪ್ ಬಳಸುತ್ತಿರಲಿಲ್ಲ.

ತರೀಕೆರೆಯ ಸದಸ್ಯೆ: ಮೇಡಂ, ಇದೇ ಸಂದೇಶ ನೋಡಿ ನನ್ನ ತಮ್ಮ ಹನ್ನೆರಡು ದಿನದಿಂದ ಉಪ್ಪು ಬಿಟ್ಟಿದ್ದಾನೆ. 29 ವರ್ಷ. ರಾತ್ರಿ ಎರಡು ಗಂಟೆ ಮಲಗಿದರೆ ಹೆಚ್ಚು, ದಣಿವೇ ಇಲ್ಲ, ಒಳಗಿದ್ದದ್ದೆಲ್ಲ ಬಿಡುಗಡೆಯಾಯಿತು ಎನ್ನುತ್ತಾನೆ. ಮೂರು ವರ್ಷದಿಂದ ಮನಸ್ಸಿನ ಏರಿಳಿತದ ಕಾಯಿಲೆಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ನಿನ್ನೆಯಿಂದ ಕೈ ನಡುಗುತ್ತಿದೆ, ಎರಡು ಸಲ ವಾಂತಿಯಾಯಿತು, ನಡೆದರೆ ತೂರಾಡುತ್ತಾನೆ. ದೇಹ ಶುದ್ಧಿಯಾಗುತ್ತಿದೆಯಂತೆ.

ಡಾಕ್ಟರ್: ಉಳಿದವರು ಸುಮ್ಮನಿರಿ.

ಅಮ್ಮ, ಬೆಳಗಿನವರೆಗೆ ಕಾಯಬೇಡಿ. ಈಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ, ವಾಹನವಿಲ್ಲದಿದ್ದರೆ 108. ಮುಂದಿನ ಲಿಥಿಯಂ ಮಾತ್ರೆ ಕೊಡಬೇಡಿ. ದೇಹದಲ್ಲಿ ಉಪ್ಪು ಕಡಿಮೆಯಾದಾಗ ಮೂತ್ರಪಿಂಡ ಸೋಡಿಯಂ ಉಳಿಸಿಕೊಳ್ಳಲು ಹೋಗಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದೇ ಮಾತ್ರೆ, ಅದೇ ಪ್ರಮಾಣ, ಆದರೆ ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕಾದದ್ದು 1.5 ದಾಟಿದರೆ ವಿಷದ ಲಕ್ಷಣಗಳು ಶುರುವಾಗುತ್ತವೆ. ನಡುಕ, ವಾಂತಿ, ತೂರಾಟ, ಎಲ್ಲವೂ ಅದನ್ನೇ ಹೇಳುತ್ತಿವೆ. ಲಿಥಿಯಂ ಮಟ್ಟ, ಕ್ರಿಯಾಟಿನಿನ್, ಸೋಡಿಯಂ ಪರೀಕ್ಷಿಸಲು ಹೇಳಿ. ಉಪ್ಪುನೀರು ಕುಡಿಸಿ ಮನೆಯಲ್ಲೇ ಸರಿಮಾಡಲು ಹೋಗಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಕೊಡಬೇಡಿ, ಅವೂ ಲಿಥಿಯಂ ಏರಿಸುತ್ತವೆ. ಇನ್ನು ಎರಡು ಗಂಟೆಯ ನಿದ್ದೆಗೆ ದಣಿವಿಲ್ಲ ಎನ್ನುವುದು ಬಿಡುಗಡೆಯಲ್ಲ, ಹಳೆಯ ಕಾಯಿಲೆ ಮರುಕಳಿಸುತ್ತಿರಬಹುದು. ಅದನ್ನು ಆಮೇಲೆ ನೋಡೋಣ.

ಅರಕಲಗೂಡಿನ ಸದಸ್ಯ: ನನಗೆ ಬಂದದ್ದನ್ನು ಹಾಕಿದೆ ಅಷ್ಟೇ. ಆ ಹುಡುಗನಿಗೆ ಮಾತ್ರೆ ಕೊಟ್ಟವರನ್ನು ಕೇಳಿ.

ಡಾಕ್ಟರ್: ಇನ್ನೂ ಅಳಿಸಿಲ್ಲ.

ಕಡೂರಿನ ಸದಸ್ಯ: ಮೇಡಂ, ನಿಮ್ಮ ಫೀಸು ಎಷ್ಟು?

ಡಾಕ್ಟರ್: 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿಯೂ ಉಚಿತ.

ತರೀಕೆರೆಯ ಸದಸ್ಯೆ: ಹೊರಟಿದ್ದೇವೆ ಮೇಡಂ. ಅವನ ಹಳೆಯ ಚೀಟಿ ಸಿಗುತ್ತಿಲ್ಲ.

ಡಾಕ್ಟರ್: ಹುಡುಕುತ್ತಾ ಕೂರಬೇಡಿ. ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ, ಎಷ್ಟು ದಿನ ಉಪ್ಪು ಬಿಟ್ಟಿದ್ದ ಎಂಬುದನ್ನು ಮೊದಲು ಹೇಳಿ.