8 ತಿಂಗಳ ಹೊಸ ಗಾಡಿ, ಸುಮ್ನೆ ಸುಮ್ನೆ ಆಫ್ ಆಗುತ್ತಿದೆ. ಸಾಕಾಗಿ ಹೋಗಿದೆ

ಕೆಂಪುಮಣ್ಣು
125 ಸಿಸಿ ಬೈಕ್, ತಗೊಂಡು 8 ತಿಂಗಳು, 6,200 ಕಿ.ಮೀ. ಮೊದಲ ಆರು ತಿಂಗಳು ಸೀಟು ಗಟ್ಟಿ ಅನ್ನುವುದು ಬಿಟ್ಟರೆ ಒಂದು ದೂರೂ ಇರಲಿಲ್ಲ. ಮಳೆ ಶುರುವಾಯಿತು, ಗಾಡಿಗೆ ಹುಚ್ಚು ಹಿಡಿಯಿತು. ಎಲ್ಲೆಂದರಲ್ಲಿ ಆಫ್. ಭದ್ರಾವತಿಯಿಂದ ಮಾಚೇನಹಳ್ಳಿ ಫ್ಯಾಕ್ಟರಿಗೆ ದಿನಾ ಹೋಗಿಬರುತ್ತೇನೆ. ನಿನ್ನೆ ಹಂಪ್ ಹತ್ತಿಸುವಾಗ ಆಫ್ ಆಯಿತು, ಹಿಂದೆ ಲಾರಿ. ಅವನು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಸೆಲ್ಫ್ ಒತ್ತಿದರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಏನೂ ಆಗೇ ಇಲ್ಲ ಅನ್ನುವ ಹಾಗೆ. ಮೈಲೇಜೂ 58ರಿಂದ 53ಕ್ಕೆ ಇಳಿದಿದೆ. ಸರ್ವಿಸ್‌ನವರು ಎರಡು ಸಲ ಇಟ್ಟುಕೊಂಡು, ಥ್ರಾಟಲ್ ಬಾಡಿ ಕ್ಲೀನ್ ಅಂತ 850 ರೂಪಾಯಿ ತಗೊಂಡು, "ನಮಗೆ ಪ್ರಾಬ್ಲಂ ಕಾಣಲಿಲ್ಲ ಸಾರ್" ಅಂದರು. ಅವರ ಅಂಗಡಿ ಮುಂದಿನ ರಸ್ತೆ ಕನ್ನಡಿ ಹಾಗಿದೆ, ಬೇಕಾದರೆ ಮುಖ ನೋಡಿಕೊಳ್ಳಬಹುದು.

ಯಾವ ಕಂಪನಿ ಅಂತ ಕೇಳಬೇಡಿ. ಹೇಳಿದರೆ ಇಲ್ಲಿ ಆ ಜಗಳವೇ ನಡೆಯುತ್ತದೆ.

ಪೆಟ್ರೋಲ್ ಪುರಾಣ
ಇದರಲ್ಲಿ ಯೋಚನೆ ಮಾಡುವುದೇ ಬೇಡ. ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಮಳೆಗಾಲ ಬೇರೆ, ಟ್ಯಾಂಕ್ ತಳದಲ್ಲಿ ನೀರು ಕೂತಿರುತ್ತದೆ. ಮೈಲೇಜ್ ಇಳಿದದ್ದೇ ಸಾಕ್ಷಿ. ಟ್ಯಾಂಕ್ ಖಾಲಿ ಮಾಡಿಸಿ, ಬಂಕ್ ಬದಲಾಯಿಸಿ.

ಸ್ಪ್ಯಾನರ್ 10-12
ಅಣ್ಣಾ, ತಗೊಂಡ ದಿನದಿಂದ ಇವರು ಹಾಕಿಸುತ್ತಿರುವುದು ಅದೇ ಪೆಟ್ರೋಲ್ ಅಲ್ವಾ? ಆರು ತಿಂಗಳು ಸುಮ್ಮನಿದ್ದ ಎಥನಾಲ್‌ಗೆ ಈಗ ಏನಾಯಿತು? @ಕೆಂಪುಮಣ್ಣು, ಆಫ್ ಆಗುವ ಮುಂಚೆ ಕೆಮ್ಮುತ್ತದಾ, ಜಗ್ಗುತ್ತದಾ? ಇಲ್ಲಾ ಸ್ವಿಚ್ ಆರಿಸಿದ ಹಾಗೆ ತಟ್ಟನೆ ಹೋಗುತ್ತದಾ? ಗೇರಲ್ಲಿ ಇರುವಾಗಲೋ, ನ್ಯೂಟ್ರಲ್‌ನಲ್ಲೋ?

ಪೆಟ್ರೋಲ್ ಪುರಾಣ
ನೀತಿ ಆಯೋಗದ 2021ರ ವರದಿಯಲ್ಲೇ ಇ20 ಹಾಕಿದರೆ ಟೂವೀಲರ್ ಮೈಲೇಜ್ ಶೇ. 3ರಿಂದ 4 ಇಳಿಯುತ್ತದೆ ಅಂತ ಇದೆ. ಓದಿಕೊಂಡು ಬನ್ನಿ.

ಸ್ಪ್ಯಾನರ್ 10-12
ಓದಿದ್ದೇನೆ. ಅದು ಹಳೇ ಪೆಟ್ರೋಲಿಗೆ ಅಂತ ಮಾಡಿದ, ಇ10ಗೆ ಹೊಂದಿಸಿದ ಗಾಡಿಗಳ ಲೆಕ್ಕ. ಇವರದು ಹೊಸ ಗಾಡಿ. ಅಲ್ಲದೆ 58ರಿಂದ 53 ಅಂದರೆ ಶೇ. 8ರ ಮೇಲಾಯಿತು. ನಿಮ್ಮ ಲೆಕ್ಕಕ್ಕೂ ಅದು ಕೂರುವುದಿಲ್ಲ.

ಎರಡುಸ್ಟ್ರೋಕ್
ಇಂಜೆಕ್ಷನ್ ಗಾಡಿ ತಗೊಂಡರೆ ಇಷ್ಟೇ. 2020ರಲ್ಲಿ ಬಿಎಸ್6 ಹೊಗೆ ನಿಯಮ ಬಂತು, ಮನೆ ಮುಂದೆ ಕೂತು ಗಾಡಿ ಬಿಚ್ಚುವ ಸುಖ ಹೋಯಿತು. ನನ್ನ 1993ರ ಆರ್‌ಎಕ್ಸ್ 100 ಈಗಲೂ ಎರಡನೇ ಕಿಕ್ಕಿಗೆ ಎದ್ದು ನಿಲ್ಲುತ್ತದೆ. ಹೋದ ತಿಂಗಳು ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಿದೆ, ಟ್ಯಾಂಕಿಗೆ ಅದೇ ಚೆರಿ ಕೆಂಪು ಬಣ್ಣ. ಫೋಟೋ ಸಂಜೆ ಹಾಕುತ್ತೇನೆ.

ಹುಬ್ಳಿ ರೈಡರ್
ಫೋಟೋ ಹಾಕ್ರೀ ಅಣ್ಣಾವ್ರ! ಸೈಲೆನ್ಸರ್ ಒರಿಜಿನಲ್ ಐತೇನ್ರೀ?

ಕೆಂಪುಮಣ್ಣು
ಆರ್‌ಎಕ್ಸ್‌ಗೆ ಬೇರೆ ಚರ್ಚೆ ತೆಗೆಯಿರಪ್ಪ, ಕೈ ಮುಗಿಯುತ್ತೇನೆ.

@ಸ್ಪ್ಯಾನರ್, ಕೆಮ್ಮುವುದಿಲ್ಲ. ತಟ್ಟನೆ ಹೋಗುತ್ತದೆ. ಹಂಪ್ ಹತ್ತಿರ ಸೆಕೆಂಡ್ ಗೇರಲ್ಲಿ ಕ್ಲಚ್ ಹಿಡಿದಿರುತ್ತೇನೆ, ಅಷ್ಟರಲ್ಲಿ ಆಫ್. ಸ್ಪೀಡಲ್ಲಿ ಗುಂಡಿಗೆ ಇಳಿದರೆ ಆಫ್ ಆಗುವುದಿಲ್ಲ, ಒಂದು ಜರ್ಕ್ ಹೊಡೆಯುತ್ತದೆ, ಅಷ್ಟೇ. ಸಿಗ್ನಲ್‌ನಲ್ಲಿ ನ್ಯೂಟ್ರಲ್‌ಗೆ ಹಾಕಿ ಹತ್ತು ನಿಮಿಷ ನಿಂತರೂ ಏನೂ ಆಗುವುದಿಲ್ಲ.

ನೆನೆದ ರೇನ್‌ಕೋಟ್
ಪ್ಲಗ್ ಕ್ಯಾಪ್ ಒಳಗೆ ನೀರು. ನನಗೂ ಹೀಗೇ ಆಗಿತ್ತು. ಕ್ಯಾಪ್ ತೆಗೆದು ಒರೆಸಿ, ಸ್ವಲ್ಪ ಗ್ರೀಸ್ ಹಚ್ಚಿ ಹಾಕಿ.

ಸ್ಪ್ಯಾನರ್ 10-12
ಪ್ಲಗ್ ಕ್ಯಾಪ್‌ಗೆ ಗಾಡಿ ಗೇರಲ್ಲಿದೆಯೋ ನ್ಯೂಟ್ರಲ್‌ನಲ್ಲಿದೆಯೋ ಹೇಗೆ ಗೊತ್ತಾಗುತ್ತದೆ ಮಾರಾಯ್ರೇ? ಗೇರಲ್ಲಿ ಮಾತ್ರ, ಅದೂ ಕುಲುಕಿದಾಗ ಮಾತ್ರ. ಅದು ಸೈಡ್ ಸ್ಟ್ಯಾಂಡ್ ಸ್ವಿಚ್. ಸ್ಟ್ಯಾಂಡ್ ಇಳಿದಿದೆ ಅಂತ ಗಾಡಿ ತಿಳಿದುಕೊಂಡರೆ ಗೇರಲ್ಲಿ ಇಂಜಿನ್ ಓಡಲು ಬಿಡುವುದಿಲ್ಲ, ನ್ಯೂಟ್ರಲ್‌ನಲ್ಲಿ ಬಿಡುತ್ತದೆ. ಮೀಟರಿನಲ್ಲಿ ಸ್ಟ್ಯಾಂಡ್ ಲೈಟ್ ಮಿನುಗುತ್ತಾ ನೋಡಿ.

ಕೆಂಪುಮಣ್ಣು
ಲೈಟ್ ಕಾಣುವುದಿಲ್ಲ. ಮೊಬೈಲ್ ಹೋಲ್ಡರ್ ಹಾಕಿಸಿದ್ದೇನೆ, ಮೀಟರಿನ ಕೆಳಗಿನ ಸಾಲು ಅದರ ಹಿಂದೆ ಮುಚ್ಚಿಹೋಗಿದೆ. ಸ್ಟ್ಯಾಂಡ್ ಗಟ್ಟಿಯಾಗಿಯೇ ಇದೆ. ಹೋದ ತಿಂಗಳು ತಾನೇ ವೆಲ್ಡಿಂಗ್ ಮಾಡಿಸಿದ್ದೇನೆ.

ಸ್ಪ್ಯಾನರ್ 10-12
ಏನು ವೆಲ್ಡಿಂಗ್?

ಕೆಂಪುಮಣ್ಣು
ಫ್ಯಾಕ್ಟರಿ ಪಾರ್ಕಿಂಗ್ ಎಲ್ಲ ಕೆಸರು. ಸ್ಟ್ಯಾಂಡ್ ಮಣ್ಣಲ್ಲಿ ಇಳಿದು ಗಾಡಿ ಎರಡು ಸಲ ಬಿತ್ತು. ಅದಕ್ಕೆ ಸ್ಟ್ಯಾಂಡ್ ಪಾದಕ್ಕೆ ಅಂಗೈ ಅಗಲದ ಕಬ್ಬಿಣದ ಪ್ಲೇಟ್ ಹಾಕಿಸಿದೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಸ್ಪ್ಯಾನರ್ 10-12
ಅಯ್ಯೋ ಗುರುವೇ! ಇದನ್ನು ಮೊದಲೇ ಹೇಳಬಾರದಿತ್ತಾ! ಸ್ಟ್ಯಾಂಡಿನ ಸ್ಪ್ರಿಂಗ್‌ಗೆ ಇರುವುದು ಬರೀ ಸ್ಟ್ಯಾಂಡಿನ ಭಾರ ಎತ್ತಿ ಹಿಡಿಯುವಷ್ಟು ಬಲ. ತುದಿಗೆ ಅರ್ಧ ಕೆ.ಜಿ. ಕಬ್ಬಿಣ, ಅದರ ಮೇಲೆ ಒಂದು ಮುಷ್ಟಿ ಕೆಸರು ನೇತುಹಾಕಿದರೆ ಹಂಪ್ ಮೇಲೆ ಸ್ಟ್ಯಾಂಡ್ ಒಂದು ಬೆರಳಷ್ಟು ಇಳಿದು ಮತ್ತೆ ಏರುತ್ತದೆ. ಅಷ್ಟು ಸಾಕು, ಇಂಜಿನ್ ಆಫ್. ಆಮೇಲೆ ಸ್ಟ್ಯಾಂಡ್ ತನ್ನ ಜಾಗಕ್ಕೆ ಹೋಗಿರುತ್ತದೆ, ಅದಕ್ಕೇ ಸೆಲ್ಫ್ ತಕ್ಷಣ ಹಿಡಿಯುತ್ತದೆ. ಗಾಡಿಯನ್ನು ಮೇನ್ ಸ್ಟ್ಯಾಂಡ್ ಹಾಕಿ, ಸೈಡ್ ಸ್ಟ್ಯಾಂಡ್ ಎತ್ತಿ, ಕ್ಲಚ್ ಹಿಡಿದು ಗೇರಲ್ಲಿ ಇಂಜಿನ್ ಓಡುತ್ತಿರಲಿ. ಕಾಲಲ್ಲಿ ಸೈಡ್ ಸ್ಟ್ಯಾಂಡನ್ನು ನಿಧಾನವಾಗಿ ತಳ್ಳಿ. ಎಲ್ಲಿ ಆಫ್ ಆಗುತ್ತದೆ ಗೊತ್ತಾಗುತ್ತದೆ.

ಹುಬ್ಳಿ ರೈಡರ್
ಇಷ್ಟಕ್ಕೆಲ್ಲ ಯಾಕ್ರೀ ತಲೆಬಿಸಿ. ಎರಡು ವೈರ್ ಕೂಡಿಸಿ ಸ್ವಿಚ್ ಬೈಪಾಸ್ ಮಾಡ್ರಿ, ಮುಗೀತು.

ನೆನೆದ ರೇನ್‌ಕೋಟ್
ದಯವಿಟ್ಟು ಬೇಡ. ಆ ಸ್ವಿಚ್ ಇಲ್ಲದ ಕಾಲದಲ್ಲಿ ನಮ್ಮ ಚಿಕ್ಕಪ್ಪ ಸ್ಟ್ಯಾಂಡ್ ಎತ್ತಲು ಮರೆತು ಹೊರಟವರು, ಎಡಕ್ಕೆ ತಿರುಗುವಾಗ ಸ್ಟ್ಯಾಂಡ್ ನೆಲಕ್ಕೆ ತಾಗಿ ಬಿದ್ದರು. ಮೂರು ತಿಂಗಳು ಹಾಸಿಗೆ.

ಹುಬ್ಳಿ ರೈಡರ್
ಮರೆಯೋರಿಗೆ ಅದು. ನಾವು ಮರೆಯಂಗಿಲ್ಲ.

ನೆನೆದ ರೇನ್‌ಕೋಟ್
ಚಿಕ್ಕಪ್ಪನೂ ಹೀಗೇ ಹೇಳುತ್ತಿದ್ದರು.

ಎರಡುಸ್ಟ್ರೋಕ್
ಫೋಟೋ ಹಾಕಿದ್ದೇನೆ. ಹೊರಗೆ ಕಾಣುವುದರಲ್ಲಿ ಸೈಡ್ ಬಾಕ್ಸ್ ಸ್ಟಿಕ್ಕರ್ ಮಾತ್ರ ಹೊಸದು, ಉಳಿದದ್ದೆಲ್ಲ ಆಗಿನದೇ. ಸೈಲೆನ್ಸರ್ ಒರಿಜಿನಲ್.

ಕೆಂಪುಮಣ್ಣು
ಟೆಸ್ಟ್ ಮಾಡಿದೆ. ಸ್ಟ್ಯಾಂಡ್ ಎರಡು ಬೆರಳು ಇಳಿದರೆ ಸಾಕು, ಇಂಜಿನ್ ತಟ್ಟನೆ ಆಫ್. ಸ್ವಿಚ್ ಸುತ್ತ ಕೆಂಪು ಕೆಸರು ಒಣಗಿ ಇಟ್ಟಿಗೆ ಹಾಗೆ ಕೂತಿತ್ತು, ಸ್ಕ್ರೂಡ್ರೈವರ್‌ನಲ್ಲಿ ಕೆರೆದು ತೆಗೆದೆ. ಪ್ಲೇಟ್ ಕಟ್ ಮಾಡಿಸಿ ಹೊಸ ಸ್ಪ್ರಿಂಗ್ ಹಾಕಿಸಿದೆ. ಪ್ಲೇಟ್ ಹಾಕಲು 60 ರೂಪಾಯಿ ತಗೊಂಡವನು ತೆಗೆಯಲು 100 ತಗೊಂಡ! ಪಾರ್ಕಿಂಗ್‌ಗೆ ಈಗ ಒಂದು ಹಲಗೆ ತುಂಡು ಇಟ್ಟುಕೊಂಡಿದ್ದೇನೆ, ಸ್ಟ್ಯಾಂಡ್ ಅಡಿಗೆ ಹಾಕಲು. ಸರ್ವಿಸ್‌ನವರು ಎರಡು ಸಲ ಗಾಡಿ ಎತ್ತಿ ನೋಡಿದರೂ ಆ ಪ್ಲೇಟ್ ಕಣ್ಣಿಗೆ ಬೀಳಲಿಲ್ಲವಲ್ಲ, ಅದೇ ಹೊಟ್ಟೆ ಉರಿ.

ಮೈಲೇಜ್ ಮಾತ್ರ ಅಷ್ಟೇ ಇದೆ.

ಸ್ಪ್ಯಾನರ್ 10-12
ಟೈರಿನ ಗಾಳಿ ಯಾವಾಗ ನೋಡಿಸಿದ್ದು? ಕಡಿಮೆ ಇದ್ದರೂ ಮೈಲೇಜ್ ಇಳಿಯುತ್ತದೆ. ಚೈನ್‌ಗೆ ಎಣ್ಣೆ?

ಕೆಂಪುಮಣ್ಣು
ಗಾಳಿ ಸರ್ವಿಸ್‌ನಲ್ಲಿ ನೋಡಿರುತ್ತಾರಲ್ಲ?

ಸ್ಪ್ಯಾನರ್ 10-12
ಪ್ಲೇಟ್ ನೋಡಿದ ಹಾಗಾ?

ಪೆಟ್ರೋಲ್ ಪುರಾಣ
ಮೈಲೇಜ್ ಇಳಿದದ್ದು ಇ20ಯಿಂದಲೇ. ಆ ಮಾತಲ್ಲಿ ಬದಲಾವಣೆ ಇಲ್ಲ.

ಕೆಂಪುಮಣ್ಣು
ಹಿಂದಿನ ಟೈರಲ್ಲಿ ಗಾಳಿ 29 ಪಿಎಸ್‌ಐ ಇರಬೇಕಿತ್ತು, 17 ಇತ್ತು. ಯಾರಿಗೂ ಹೇಳಬೇಡಿ. ನಾಲ್ಕು ದಿನ ಒಂದು ಸಲವೂ ಆಫ್ ಆಗಲಿಲ್ಲ. ಇವತ್ತು ಗೇಟಿನ ಹತ್ತಿರ ಒಂದು ಸಲ ಆಯಿತು, ಆದರೆ ಅದು ನಾನೇ ಕ್ಲಚ್ ಬೇಗ ಬಿಟ್ಟಿದ್ದೋ ಏನೋ. ನೋಡುತ್ತೇನೆ.

ಹುಬ್ಳಿ ರೈಡರ್
ಆ ಮೊಬೈಲ್ ಹೋಲ್ಡರ್ ಯಾವ್ದ್ರೀ? ಗುಂಡ್ಯಾಗ ಫೋನ್ ಗಟ್ಟಿ ಹಿಡೀತೈತೇನು?