ಮಳೆಗಾಲದಲ್ಲಿ ನಾಲ್ವರ ಗಾಲ್ಫ್ ಟ್ರಿಪ್: ಹೊರಗಿನವರಿಗೆ ಆಡಲು ಬಿಡುವ ಕೋರ್ಸ್‌ಗಳಲ್ಲಿ ಯಾವುದು ಆರಿಸೋಣ?

ಹ್ಯಾಂಡ್‌ಪೋಸ್ಟ್_ಬೋಗಿ (ಪ್ರಶ್ನೆ)

ನಾವು ನಾಲ್ವರು, ಚಿಕ್ಕಮಗಳೂರು–ಮೂಡಿಗೆರೆ ಕಡೆಯವರು. ಹ್ಯಾಂಡಿಕ್ಯಾಪ್ (ಪಾರ್, ಅಂದರೆ ಕೋರ್ಸಿಗೆ ನಿಗದಿಯಾದ ಹೊಡೆತಕ್ಕಿಂತ ಸುಮಾರಾಗಿ ಎಷ್ಟು ಹೆಚ್ಚು ಹೊಡೆತ ಬೇಕು ಅನ್ನೋ ಅಂಕಿ) 14, 18, 21, 27. ಎಲ್ಲರೂ ಕಾಫಿ ತೋಟದವರು. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ, ಮೆಣಸು, ಹೂಮಳೆ ಅಂತ ಏಪ್ರಿಲ್‌ವರೆಗೆ ಯಾರೂ ಅಲ್ಲಾಡೋ ಹಾಗಿಲ್ಲ. ಬೋರ್ಡೊ ಸ್ಪ್ರೇ ಮುಗಿದ ಮೇಲೆ, ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಒಂದು ಹತ್ತು ದಿನ ಹೊಂದಿಸಬಹುದು. ಜೀವಮಾನಕ್ಕೊಮ್ಮೆ ಅನ್ನುವಂಥ ಟ್ರಿಪ್ ಆಗಬೇಕು. ಪಟ್ಟಿಯಲ್ಲಿ ಸದ್ಯಕ್ಕೆ ಅಮೆರಿಕದ ಆಗಸ್ಟಾ, ಪೆಬಲ್ ಬೀಚ್, ಬೆತ್‌ಪೇಜ್ ಬ್ಲ್ಯಾಕ್, ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್ ಇವೆ. ಸದಸ್ಯತ್ವ ಇಲ್ಲದೆ, ಪರಿಚಯದವರ ಶಿಫಾರಸು ಇಲ್ಲದೆ ಇವುಗಳಲ್ಲಿ ಯಾವುದು ಸಿಗುತ್ತೆ? ನಮ್ಮ ಆಟಕ್ಕೆ ಯಾವುದು ಸರಿ?

ಅರೇಬಿಕಾ_ಪಾರ್

ಮೊದಲು ಆಗಸ್ಟಾ ಹೊಡೆದು ಹಾಕಿ. ಅದು ಸದಸ್ಯರದ್ದು, ಅವರ ಅತಿಥಿಗಳದ್ದು. ದುಡ್ಡು ಎಷ್ಟಿದ್ದರೂ ಟೀ ಟೈಮ್ (ಆಟ ಶುರು ಮಾಡೋ ಸಮಯದ ಬುಕಿಂಗ್) ಕೊಳ್ಳೋಕೆ ಆಗಲ್ಲ.

ಉಳಿದವನ್ನು ರ‍್ಯಾಂಕಿಂಗ್ ನೋಡಿ ತೂಗಬೇಡಿ, ಟೀ ಟೈಮ್ ಹೇಗೆ ಸಿಗುತ್ತೆ ಅನ್ನೋದನ್ನು ನೋಡಿ ತೂಗಿ. ಹೊರಗಿನವರಿಗೆ ತೆರೆದಿರುವ ಕೋರ್ಸ್‌ಗಳಲ್ಲಿ ಮೂರು ಜಾತಿ ಇವೆ. ಒಂದು, ಸರ್ಕಾರ ಅಥವಾ ನಗರಸಭೆಯದು. ಬೆತ್‌ಪೇಜ್ ನ್ಯೂಯಾರ್ಕ್ ರಾಜ್ಯದ ಪಾರ್ಕ್, ಟೊರಿ ಪೈನ್ಸ್ ಸ್ಯಾನ್ ಡಿಯೇಗೊ ನಗರದ್ದು. ಇಲ್ಲಿ ಸ್ಥಳೀಯರಿಗೆ ಮೊದಲ ಮಣೆ: ಅವರ ಬುಕಿಂಗ್ ಮುಂಚೆ ತೆರೆಯುತ್ತೆ, ಫೀಯೂ ಅವರಿಗೆ ಕಡಿಮೆ. ಎರಡು, ರೆಸಾರ್ಟಿನದು. ಪೆಬಲ್ ಬೀಚ್‌ನಲ್ಲಿ ಅವರದೇ ಹೋಟೆಲ್‌ನಲ್ಲಿ ಉಳಿಯುವವರಿಗೆ ಮುಂಗಡ ಬುಕಿಂಗ್. ಉಳಿಯದವರು ಹಿಂದಿನ ದಿನ ಖಾಲಿ ಇದ್ದದ್ದಕ್ಕೆ ಕೈ ಚಾಚಬೇಕು. ನಾಲ್ಕು ಜನಕ್ಕೆ ಒಟ್ಟಿಗೆ ಹಾಗೆ ಸಿಗೋದು ಬಲು ಅಪರೂಪ. ಮೂರು, ಬ್ರಿಟನ್ ಪದ್ಧತಿ: ಕ್ಲಬ್ ಖಾಸಗಿಯಾದರೂ ವಾರದ ಕೆಲವು ದಿನ ಹೊರಗಿನವರನ್ನು ಬಿಡುತ್ತಾರೆ.

ನೀವು ಹೇಳಿದ ತಿಂಗಳಿಗೆ ಸ್ಕಾಟ್ಲೆಂಡ್ ಹೇಳಿ ಮಾಡಿಸಿದ ಹಾಗಿದೆ. ಇಲ್ಲಿ ಮಳೆ ಹಿಡಿದಾಗ ಅಲ್ಲಿ ಬೇಸಿಗೆ. ಜೂನ್ ಕೊನೆಯಲ್ಲಿ ರಾತ್ರಿ ಹತ್ತರ ತನಕ ಬೆಳಕು, ಸಂಜೆ ಐದಕ್ಕೆ ಹೊರಟರೂ 18 ಹೋಲ್ ಮುಗಿಯುತ್ತೆ. ಎಷ್ಟೋ ಕಡೆ ಸಂಜೆಯ ದರವೂ ಕಡಿಮೆ. ಪೆಬಲ್ ಬೀಚ್ ಫೀ ಒಬ್ಬರಿಗೆ 600 ಡಾಲರ್ ಮೀರಿದೆ. ಆ ಒಂದು ರೌಂಡಿನ ದುಡ್ಡಲ್ಲಿ ಸ್ಕಾಟ್ಲೆಂಡ್‌ನ ಹೆಸರಾಂತ ಕೋರ್ಸಿನ ಪಕ್ಕದ ತಂಗಿ ಕೋರ್ಸ್‌ಗಳಲ್ಲಿ ಎರಡು ಮೂರು ರೌಂಡ್ ಆಡಬಹುದು.

ಸಕಲೇಶಪುರ_ಸ್ಲೈಸ್

ಸೇಂಟ್ ಆಂಡ್ರೂಸ್ ವಿಷಯ ಬಿಡಿಸಿ ಹೇಳ್ತೀನಿ, ಎಲ್ಲರೂ ಎಡವೋದು ಇಲ್ಲೇ.

ಅಲ್ಲಿ ಇರೋದು ಒಂದಲ್ಲ, ಏಳು ಕೋರ್ಸ್: ಓಲ್ಡ್, ನ್ಯೂ (1895), ಜೂಬಿಲಿ (1897), ಈಡನ್ (1914), ಸ್ಟ್ರಾಥ್‌ಟೈರಮ್, ಒಂಬತ್ತು ಹೋಲ್‌ನ ಬಾಲ್ಗೋವ್, ಕಾಸಲ್ (2008). ಏಳೂ ಸಾರ್ವಜನಿಕ. ಓಲ್ಡ್‌ಗೆ ಮುಂಗಡ ಬುಕಿಂಗ್ ಸಿಗದಿದ್ದರೆ ಲಾಟರಿ ಇದೆ. ಆಡುವ ದಿನಕ್ಕೆ ಎರಡು ದಿನ ಮೊದಲು ಮಧ್ಯಾಹ್ನದೊಳಗೆ ಹೆಸರು ಹಾಕಬೇಕು, ಫಲಿತಾಂಶ ಅದೇ ಸಂಜೆ. ಕನಿಷ್ಠ ಇಬ್ಬರು, ಗರಿಷ್ಠ ನಾಲ್ವರು. ಒಂಟಿಯಾಗಿ ಹೋದವರಿಗೆ ಬೇರೆ ಡ್ರಾ, ಅದಕ್ಕೆ ಹಿಂದಿನ ದಿನ ಖುದ್ದು ಹೋಗಿ ಹೆಸರು ಕೊಡಬೇಕು. ನಾಲ್ವರಿಗೆ ಬರದಿದ್ದರೆ ಇಬ್ಬಿಬ್ಬರಾಗಿ ಒಡೆದು ಹಾಕೋದೂ ಒಂದು ದಾರಿ.

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಆಟ ಇಲ್ಲ, ಊರಿನ ಜನ ನಾಯಿ ಕರಕೊಂಡು ಓಡಾಡ್ತಾರೆ. ಆದ್ದರಿಂದ ಶನಿವಾರ–ಭಾನುವಾರ ಸೇರಿಸಿ ಎರಡು ರಾತ್ರಿ ಉಳಿಯೋ ಪ್ಲಾನ್ ಮಾಡಿದರೆ ಕೆಟ್ಟಿರಿ. ಸೋಮವಾರದಿಂದ ಶುಕ್ರವಾರದ ತನಕ ಅಲ್ಲೇ ಬೀಡು ಬಿಡಿ, ದಿನಾ ಹೆಸರು ಹಾಕ್ತಾ ಇರಿ. ಬರದ ದಿನಕ್ಕೆ ಜೂಬಿಲಿ, ನ್ಯೂ ಮೊದಲೇ ಬುಕ್ ಆಗಿರಲಿ. ನನ್ನ ಮಟ್ಟಿಗೆ ಆಟದ ಕಸುವಿನಲ್ಲಿ ನ್ಯೂ ಏನೂ ಕಡಿಮೆಯಿಲ್ಲ. ಮೊದಲ ಸಲ ಹೋದವರು ಒಪ್ಪಲ್ಲ, ಇರಲಿ.

ಓಲ್ಡ್‌ನಲ್ಲಿ ಏಳು ಜೋಡಿ ಗ್ರೀನ್ (ಕುಳಿ ಇರೋ ನುಣುಪು ಹುಲ್ಲಿನ ಜಾಗ, ಇಲ್ಲಿ ಎರಡು ಹೋಲ್‌ಗೆ ಒಂದೇ) ಇವೆ, ಜೋಡಿಯ ಎರಡು ಹೋಲ್ ಸಂಖ್ಯೆ ಕೂಡಿದರೆ 18 ಬರಬೇಕು: 2ಕ್ಕೆ 16, 3ಕ್ಕೆ 15, 8ಕ್ಕೆ 10, ಹೀಗೆ. 1, 9, 17, 18 ಮಾತ್ರ ಒಂಟಿ. ತಪ್ಪು ಬಾವುಟದ ಕಡೆ ಬಿದ್ದರೆ ಮೂವತ್ತು ನಲವತ್ತು ಗಜದ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸೋ ಹೊಡೆತ) ಗ್ಯಾರಂಟಿ. ಕ್ಯಾಡಿ (ಬ್ಯಾಗ್ ಹೊತ್ತು ದಾರಿ ಹೇಳುವವನು) ದುಡ್ಡು ಉಳಿಸಬೇಡಿ.

ಇನ್ನೊಂದು: 2027ರ ಜುಲೈನಲ್ಲಿ ಓಪನ್ (ಬ್ರಿಟನ್ನಿನ ದೊಡ್ಡ ಗಾಲ್ಫ್ ಚಾಂಪಿಯನ್‌ಶಿಪ್) ಅಲ್ಲೇ ನಡೆಯುವುದು ನಿಗದಿಯಾಗಿದೆ. ಆ ವರ್ಷ ಹೋಗೋದಾದರೆ ಜೂನ್ ಕೊನೆ, ಜುಲೈ ಎರಡೂ ಬೇಡ, ಆಗಸ್ಟ್ ನೋಡಿ. ಹಾಗಂತ ನವೆಂಬರ್‌ಗೆ ತಳ್ಳಬೇಡಿ. ಚಳಿಗಾಲದಲ್ಲಿ ಫೀ ಇಳಿಯುತ್ತೆ, ಆದರೆ ಫೇರ್‌ವೇನಲ್ಲಿ ಚೆಂಡನ್ನು ಪುಟ್ಟ ಮ್ಯಾಟ್ ಮೇಲಿಟ್ಟು ಹೊಡೀಬೇಕು. ಹೇಗೂ ನಿಮಗೆ ಆಗ ಕೊಯ್ಲು.

ಹ್ಯಾಂಡ್‌ಪೋಸ್ಟ್_ಬೋಗಿ

ಸೇಂಟ್ ಆಂಡ್ರೂಸ್ ಬಿಟ್ಟರೆ ಸುತ್ತ ಏನಿದೆ? ಬೆತ್‌ಪೇಜ್ ಯಾಕೆ ಬೇಡ ಅಂತಲೂ ಹೇಳಿ, ನಮ್ಮಲ್ಲೊಬ್ಬನಿಗೆ ಅದರದ್ದೇ ಹುಚ್ಚು.

ಹಾಸನ_ಹುಕ್

ಬೆತ್‌ಪೇಜ್ ಬ್ಲ್ಯಾಕ್‌ನಲ್ಲಿ 2002, 2009ರ ಯು.ಎಸ್. ಓಪನ್ ಆಗಿದೆ, 2025ರ ರೈಡರ್ ಕಪ್ (ಅಮೆರಿಕ–ಯುರೋಪ್ ತಂಡಗಳ ಪಂದ್ಯ) ಕೂಡ. ಮೊದಲ ಟೀ (ಹೋಲ್‌ನ ಮೊದಲ ಹೊಡೆತದ ಜಾಗ) ಹತ್ತಿರ ಒಂದು ಬೋರ್ಡ್ ಇದೆ: ಇದು ಅತಿ ಕಷ್ಟದ ಕೋರ್ಸ್, ಚೆನ್ನಾಗಿ ಪಳಗಿದವರಿಗೆ ಮಾತ್ರ ಅಂತ. ಬಗ್ಗಿ (ಗಾಲ್ಫ್ ಗಾಡಿ) ಇಲ್ಲ, ಏರುಪೇರಿನ ಜಾಗದಲ್ಲಿ ನಡೆದೇ ಆಡಬೇಕು. 27 ಹ್ಯಾಂಡಿಕ್ಯಾಪ್‌ನವರು ಅಲ್ಲಿ ಚೆಂಡು ಹುಡುಕೋದರಲ್ಲೇ ಸುಸ್ತಾಗ್ತಾರೆ, ಹಿಂದಿನ ಗುಂಪು ಬಾಯಿಗೆ ಬಂದಂತೆ ಅನ್ನುತ್ತೆ. ಹುಚ್ಚು ಇರೋರಿಗೆ ಅದೇ ಪಾರ್ಕಿನ ರೆಡ್ ಕೋರ್ಸ್ ಸಾಕು.

ಕೋರ್ಸ್ ಕಷ್ಟವೋ ಅಲ್ಲವೋ ಅನ್ನೋದನ್ನು ಲೆಕ್ಕ ಹಾಕಿ ನೋಡಿ. ನಿಮ್ಮ ಇಂಡೆಕ್ಸನ್ನು (ಅಧಿಕೃತ ಹ್ಯಾಂಡಿಕ್ಯಾಪ್ ಅಂಕಿ) ಆ ಟೀಯ ಸ್ಲೋಪ್‌ನಿಂದ (ಸಾಮಾನ್ಯ ಆಟಗಾರನಿಗೆ ಎಷ್ಟು ಕಷ್ಟ ಅನ್ನೋ ಅಂಕಿ) ಗುಣಿಸಿ, 113ರಿಂದ (ಸ್ಲೋಪ್‌ನ ಸಾಮಾನ್ಯ ಮಟ್ಟ) ಭಾಗಿಸಿ, ಕೋರ್ಸ್ ರೇಟಿಂಗ್‌ನಲ್ಲಿ (ಸೊನ್ನೆ ಹ್ಯಾಂಡಿಕ್ಯಾಪ್‌ನವರಿಗೆ ಬೇಕಾಗೋ ಹೊಡೆತ) ಪಾರ್ ಕಳೆದು ಬಂದದ್ದನ್ನು ಕೂಡಿಸಿ. ಇಂಡೆಕ್ಸ್ 18, ಸ್ಲೋಪ್ 132, ರೇಟಿಂಗ್ 73.1, ಪಾರ್ 72 ಅಂದ್ಕೊಳ್ಳಿ: 21.0 + 1.1, ಅಂದರೆ ಆ ಟೀಯಿಂದ ಪಾರ್‌ಗಿಂತ 22 ಹೊಡೆತ ಹೆಚ್ಚು. ಒಂದು ಟೀ ಮುಂದಿನಿಂದ ಆಡಿದರೆ ಎರಡು ಮೂರು ಹೊಡೆತ ಕಮ್ಮಿ ಬರುತ್ತೆ. ನಾಲ್ವರಿಗೂ ಲೆಕ್ಕ ಹಾಕಿ, 27ರವರಿಗೆ 32 ಮೀರುವ ಟೀ ಇದ್ದರೆ ಅದನ್ನು ಬಿಟ್ಟುಬಿಡಿ.

ಸುತ್ತಮುತ್ತ: ಕಾರ್ನೂಸ್ಟಿ, ಟೇ ನದಿ ದಾಟಿ ಕಾರಿನಲ್ಲಿ ಒಂದು ಗಂಟೆಯೊಳಗೆ. ಅಲ್ಲಿ ಚಾಂಪಿಯನ್‌ಶಿಪ್ ಕೋರ್ಸ್ ಜೊತೆ ಬರ್ನ್‌ಸೈಡ್, ಬಡನ್ ಇವೆ. ಕೊನೆಯ ಎರಡು ದಿನ ಎಡಿನ್‌ಬರೊ ಪೂರ್ವಕ್ಕೆ ಬನ್ನಿ. ನಾರ್ತ್ ಬೆರಿಕ್‌ಗೆ ಎಡಿನ್‌ಬರೊದಿಂದ ರೈಲು ಇದೆ. ಅದರ 15ನೇ ಹೋಲ್ ‘ರೆಡಾನ್’ ಜಗತ್ತಿನಲ್ಲಿ ಅತಿ ಹೆಚ್ಚು ನಕಲಾದ ಪಾರ್ 3ಗಳಲ್ಲಿ ಒಂದು. ವಿಮಾನದ ದಿನ ಹತ್ತಿರವಾದಾಗ ಮಸಲ್‌ಬರೊ ಓಲ್ಡ್ ಲಿಂಕ್ಸ್ (ಲಿಂಕ್ಸ್ ಅಂದರೆ ಕಡಲತೀರದ ಮರಳು ನೆಲದ ಕೋರ್ಸ್): ಒಂಬತ್ತೇ ಹೋಲ್, ನಮ್ಮ ಮೈಸೂರಿನ ಕೋರ್ಸ್ ಥರ ರೇಸ್‌ಕೋರ್ಸ್ ಒಳಗೆ, ಅಲ್ಲಿ 1874ರಿಂದ 1889ರ ನಡುವೆ ಆರು ಸಲ ಓಪನ್ ನಡೆದಿದೆ.

ದಿನಕ್ಕೊಂದು ರೌಂಡ್, ಅಷ್ಟೆ. ಹತ್ತು ದಿನಕ್ಕೆ ಏಳು ರೌಂಡ್ ಸಾಕು. ಲಾಟರಿ ಬಂದ ದಿನಕ್ಕೆ ಕಾಲಲ್ಲಿ ಕಸುವು ಉಳಿದಿರಬೇಕು.

ಅರೇಬಿಕಾ_ಪಾರ್

ಇಲ್ಲಿಂದಲೇ ಮಾಡ್ಕೊಂಡು ಹೋಗೋ ಕೆಲಸ ಇದೆ.

ಹ್ಯಾಂಡಿಕ್ಯಾಪ್ ಪ್ರಮಾಣಪತ್ರ ಕೇಳ್ತಾರೆ. ಕ್ಲಬ್‌ನಲ್ಲಿ ಬಾಯಿಮಾತಲ್ಲಿ ನಡೆಯೋ ಹ್ಯಾಂಡಿಕ್ಯಾಪ್ ಅಲ್ಲಿ ನಡೆಯಲ್ಲ. ಅಧಿಕೃತ ಇಂಡೆಕ್ಸ್‌ಗೆ ಕನಿಷ್ಠ 54 ಹೋಲ್‌ನ ಸ್ಕೋರ್ ಬೇಕು, ಪೂರ್ತಿ ಲೆಕ್ಕ ಕೊನೆಯ 20 ರೌಂಡಿನಲ್ಲಿ ಉತ್ತಮ 8ರ ಮೇಲೆ. ಮಳೆ ಹಿಡಿಯೋ ಮೊದಲೇ ಸ್ಕೋರ್ ಕಾರ್ಡ್ ಹಾಕಿ ಮುಗಿಸಿ.

ದೂರದ ಲೆಕ್ಕ ಬದಲಾಗುತ್ತೆ. ನಾವು ಆಡೋದು ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿಗೂ ಮೇಲೆ, ತೆಳು ಗಾಳಿಯಲ್ಲಿ. ಸಾವಿರ ಅಡಿಗೆ ಸುಮಾರು ಶೇ. 1.2ರಷ್ಟು ದೂರ ಪುಕ್ಕಟೆ ಸಿಗುತ್ತೆ. ಇಲ್ಲಿ 150 ಗಜ ಹೋಗೋ ಏಳನೇ ಐರನ್ ಅಲ್ಲಿ 144–145, ತಣ್ಣನೆ ಗಾಳಿ ಎದುರಾದರೆ 130. ಒಂದು ಕ್ಲಬ್ ಜಾಸ್ತಿ (ಇನ್ನೂ ದೂರ ಹೊಡೆಯೋದು) ಹಿಡೀರಿ.

ವೆಜ್ (ಹತ್ತಿರದಿಂದ ಚೆಂಡು ಎತ್ತಿ ಹೊಡೆಯೋ ಕ್ಲಬ್) ನೋಡಿ. ಮಲೆನಾಡಿನ ಮೆತ್ತನೆ ನೆಲಕ್ಕೆ 12–14 ಡಿಗ್ರಿ ಬೌನ್ಸ್ (ಕ್ಲಬ್ ತಳದ ಉಬ್ಬಿನ ಕೋನ) ಚೆನ್ನ. ಲಿಂಕ್ಸ್‌ನ ಗಟ್ಟಿ ನೆಲದಲ್ಲಿ ಅದು ತಳದಿಂದ ಪುಟಿದು ಅಂಚು ಚೆಂಡಿನ ಹೊಟ್ಟೆಗೆ ಬಡಿಯುತ್ತೆ, ಚೆಂಡು ಗ್ರೀನ್ ದಾಟಿ ಆಚೆ ಹೋಗುತ್ತೆ. 6–8 ಡಿಗ್ರಿಯದು ತಗೊಳ್ಳಿ, ಇಲ್ಲಾ ಗ್ರೀನ್ ಹೊರಗಿಂದಲೇ ಪಟರ್ ಹಿಡೀರಿ. ಬಂಕರ್ (ಮರಳು ಗುಂಡಿ) ಗೋಡೆ ಎದೆಮಟ್ಟ ಇದ್ದರೆ ಪಕ್ಕಕ್ಕೆ ಹೊಡೆದು ಆಚೆ ಬನ್ನಿ, ಹಿಂದಕ್ಕಾದರೂ ಸರಿ.

ಸಕಲೇಶಪುರ_ಸ್ಲೈಸ್

ಸಾಮಾನಿನ ಬಗ್ಗೆ ಒಂದೆರಡು ಮಾತು. ಬ್ಯಾಗ್ ಕವರ್ ಒಳಗೆ ಡ್ರೈವರ್‌ಗಿಂತ ಎರಡು ಇಂಚು ಉದ್ದದ ಗಟ್ಟಿ ಕೋಲು ಇಡಿ, ಎತ್ತಿ ಹಾಕಿದಾಗ ಪೆಟ್ಟು ಅದಕ್ಕೆ ಬೀಳಲಿ. ಬಿಚ್ಚಲು ಬರುವ ಹೆಡ್ ಬಿಚ್ಚಿ ಬಟ್ಟೆ ನಡುವೆ ಸುತ್ತಿ. ಬ್ಯಾಗ್ ಸಮೇತ 23 ಕಿಲೊ ದಾಟದಂತೆ ಮನೆಯಲ್ಲೇ ತೂಗಿ, ತೋಟದ ತಕ್ಕಡಿ ಇದ್ದೇ ಇದೆಯಲ್ಲ. ರೇಂಜ್‌ಫೈಂಡರಿನ (ದೂರ ಅಳೆಯೋ ಉಪಕರಣ) ಲಿಥಿಯಂ ಬ್ಯಾಟರಿ ಕೈಚೀಲದಲ್ಲಿ.

ಹೊಸ, ದುಬಾರಿ ಕ್ಲಬ್ ಇದ್ದರೆ ಹೊರಡುವಾಗ ಬೆಂಗಳೂರು ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಅಲ್ಲೇ ಕೊಂಡದ್ದು ಅಂತ ಸುಂಕ ಕೇಳಿದರೆ ಅದನ್ನು ತೋರಿಸಬಹುದು. ಬ್ಯಾಗ್ ಚೆಕ್‌ಇನ್ ಆಗೋ ಮೊದಲೇ ಹೋಗಬೇಕು, ಅವರು ಸಾಮಾನು ಕಣ್ಣಾರೆ ನೋಡಿ ಬರೆದುಕೊಡೋದು.

ಬ್ರಿಟನ್ ವೀಸಾ ಅರ್ಜಿ ಪ್ರಯಾಣಕ್ಕೆ ಮೂರು ತಿಂಗಳಿಗಿಂತ ಮೊದಲು ತಗೊಳ್ಳಲ್ಲ, ಸಾಮಾನ್ಯವಾಗಿ ಮೂರು ವಾರ ಹಿಡಿಯುತ್ತೆ. ಹಾಗಾಗಿ ಜುಲೈಗೆ ಹೋಗೋದಾದರೆ ಏಪ್ರಿಲ್‌ನಲ್ಲೇ ಹಾಕಿ, ಹೂಮಳೆ ಕಾಯ್ತಾ ಮರೆತುಬಿಡಬೇಡಿ.