ಮನ್ಯಾಗ ಕೂತು ಕೆಲಸ: ಜಳಕ, ದಾಡಿ, ಅರಿಬಿ ಹಳಿಗೆ ತರೂದು ಹೆಂಗ?

ಉಣಕಲ್_ಕ್ರಾಸ್ ಕೇಳಿದ್ದು:

ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಬಳ್ಳಿಯೊಳಗ ಮನಿಯಿಂದನ ಸಾಫ್ಟ್‌ವೇರ್ ಕೆಲಸ. ಮುಂಜಾನೆ 9:30ಕ್ಕ ಲಾಗಿನ್, 9:45ಕ್ಕ ಮೀಟಿಂಗ್. ಎದ್ದ ಕೂಡ್ಲೇ ಲ್ಯಾಪ್‌ಟಾಪ್ ತಗಿಯೂದು ರೂಢಿ ಆಗಿ ಜಳಕ ಮಧ್ಯಾಹ್ನ ಎರಡಕ್ಕ ಹೋಗೈತಿ, ಒಮ್ಮೊಮ್ಮೆ ಸಂಜಿಗೆ. ದಾಡಿ ವಾರಕ್ಕೊಮ್ಮೆ, ಮಾಡ್ಕೊಂಡ ದಿನ ಗಂಟಲ ಕೆಳಗ ಕೆಂಪು ಗುಳ್ಳಿ ಏಳ್ತಾವ. ತಲಿಯೊಳಗ ಹೊಟ್ಟು, ತೊಡಿ ಸಂದಿಯೊಳಗ ಕೆರತ. ದಿನಾ ಬಳಸೂದು ಬೋರಿನ ನೀರು. ಮಲಪ್ರಭಾ ನೀರು ನಳಕ್ಕ ಬಿಟ್ಟ ದಿನ ಅಷ್ಟ ಸಿಗತೈತಿ. ಯಾವುದರ ಮ್ಯಾಲೆ ಯಾವುದು ಮಾಡಬೇಕು, ದಾಡಿಗೆ ಏನು ಮಾಡಬೇಕು, ಚರ್ಮಕ್ಕ ಏನು ಹಚ್ಚಬೇಕು, ತಿಳಿದವರು ಬಿಡಿಸಿ ಹೇಳ್ರಿ.

ಸಪ್ತಾಪುರ_ಧಾರವಾಡ:

ಜಳಕ ಮಧ್ಯಾಹ್ನಕ್ಕ ಹೋಗೂದಕ್ಕ ಕಾರಣ ನಿಮ್ಮ ಕ್ಯಾಲೆಂಡರಿನಾಗ ಅದ. ಜಳಕ, ಅರಿಬಿ, ತಲಿ ಬಾಚೂದು ಎಲ್ಲಾ ಸೇರಿ 25 ನಿಮಿಷ ಬೇಕು. ಲಾಗಿನ್ ಆದ ಮ್ಯಾಲೆ ಊಟದ ತನಕ ನಡುವ ಸಿಗೂ ಬಿಡುವು 10 ನಿಮಿಷ, ಹೆಚ್ಚಂದ್ರ 15. ಅಷ್ಟರಾಗ ಆಗೂದಿಲ್ಲ ಅಂತ ಮುಂದ ದೂಡ್ತೀವಿ. ಊಟದ ಹೊತ್ತಿಗೆ ಹಸಿವು, ಉಂಡ ಕೂಡಲೇ ಜಳಕ ಮಾಡಬ್ಯಾಡ ಅಂತ ಮನ್ಯಾಗ ಹಿರೇರು ಅಂತಾರ, ಹಿಂಗ ಸಂಜಿ ಆಗ್ತದ. ಹಂಗಾಗಿ ಒಂದ ನಿಯಮ ಗಟ್ಟಿ ಹಿಡೀರಿ: ಜಳಕ ಆಗೂತನಕ ಲ್ಯಾಪ್‌ಟಾಪ್ ತಗೀಬ್ಯಾಡ್ರಿ. ಉಳಿದಿದ್ದು ಹಿಂದಮುಂದ ಆದ್ರೂ ನಡೀತದ.

9:30ಕ್ಕ ಲಾಗಿನ್ ಅಂದ್ರ 8ಕ್ಕ ಹಾಸಿಗಿ ಬಿಡಬೇಕು. ಎದ್ದ ಕೂಡಲೇ ಗೀಸರ್ ಹಚ್ಚ್ರಿ. 15 ಲೀಟರಿನ, 2,000 ವ್ಯಾಟಿನ ಗೀಸರ್ 25 ಡಿಗ್ರಿ ನೀರನ್ನ 55ಕ್ಕ ತರಲಿಕ್ಕೆ 16 ನಿಮಿಷ ತಗೋತದ, ಸುಮಾರು ಅರ್ಧ ಯುನಿಟ್ ಕರೆಂಟ್. ಅದಕ್ಕ ಅಷ್ಟ ತಣ್ಣೀರು ಬೆರಸಿದ್ರ 40 ಡಿಗ್ರಿಯ 30 ಲೀಟರ್ ಆಗ್ತದ, ಒಬ್ಬರ ಜಳಕಕ್ಕ ಭರ್ತಿ. ಆ 16 ನಿಮಿಷದಾಗ ಪಾಯಖಾನಿ, ಹಲ್ಲು ಮುಗಿಸ್ರಿ. ಫೋನ್ ಹಾಸಿಗಿ ಹತ್ರನ ಇರಲಿ, ಬಚ್ಚಲಿಗೆ ಒಯ್ಯಬ್ಯಾಡ್ರಿ. ನೀರು ಕಾಯ್ಸೂ ಕಾಯಿಲ್ ಬಳಸೂರಿದ್ರ ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮ್ಯಾಲೇನ ಬಕೀಟಿಗೆ ಕೈ ಹಚ್ಚ್ರಿ. ಪ್ಲಗ್ ಇದ್ದಾಗ ಬೆರಳು ಅದ್ದಿ ನೀರು ಕಾದದೋ ಇಲ್ಲೋ ನೋಡೂದು ಜೀವಕ್ಕ ಅಪಾಯ.

ಹಲ್ಲಿನ ವಿಷಯ ಮನಿ ಕೆಲಸದಾಗ ಹೆಚ್ಚು ಕೆಡ್ತದ, ಯಾಕಂದ್ರ ಅಡಿಗಿ ಮನಿ ಹತ್ತು ಹೆಜ್ಜಿ ದೂರ. ಸಕ್ಕರಿ ಚಹಾ ಗಂಟೆಗೊಂದು ಕಪ್ ಕುಡದ್ರ ಬಾಯೊಳಗ ಆಮ್ಲ ತಗ್ಗೂದ ಇಲ್ಲ, ಹಲ್ಲಿನ ಮ್ಯಾಲಿನ ಪದರ ಸವೀತದ. ಚಹಾಕ್ಕ ಎರಡ ಹೊತ್ತು ಗೊತ್ತು ಮಾಡ್ರಿ, ಕುಡದ ಮ್ಯಾಲೆ ನೀರು ಮುಕ್ಕಳಿಸ್ರಿ. ಫ್ಲೋರೈಡ್ ಪೇಸ್ಟ್ ವಟಾಣಿಯಷ್ಟು, ಎರಡ ನಿಮಿಷ, ಮುಂಜಾನೆ ಮತ್ತ ಮಲಗೂ ಮುಂಚೆ. ಉಗುಳಿದ ಮ್ಯಾಲೆ ಚೊಂಬುಗಟ್ಟಲೆ ನೀರಿನಿಂದ ತೊಳೀಬ್ಯಾಡ್ರಿ, ಫ್ಲೋರೈಡ್ ಎಲ್ಲಾ ಹೋಗಿಬಿಡ್ತದ.

ಅರಿಬಿ ಮೂರು ಗುಂಪು ಮಾಡ್ರಿ: ಮಲಗೂವು, ಕೆಲಸದ್ದು, ಸಂಜಿ ತಿರುಗಾಡೂವು. ಮಲಗಿದ ಅರಿಬಿ ಮ್ಯಾಲೆ ಕೆಲಸಕ್ಕ ಕುಂತ್ರ ಜಳಕ ನೆನಪಿಗೆ ಬರೂದ ಇಲ್ಲ. ರವಿವಾರ ಐದು ಅಂಗಿ ಇಸ್ತ್ರಿ ಮಾಡಿ ತೂಗು ಹಾಕ್ರಿ. ಕಾಟನ್ ಅಂಗಿ ಪೂರ್ತಿ ಒಣಗಿದ್ರ ಗೆರಿ ಸಲೀಸು ಹೋಗೂದಿಲ್ಲ, ಸ್ವಲ್ಪ ಹಸಿ ಇದ್ದಾಗನ ಇಸ್ತ್ರಿ ಮಾಡ್ರಿ. ನಾಳೆ ಹಾಕೂ ಅಂಗಿ, ಒಳ ಅರಿಬಿ, ಟವೆಲ್ ರಾತ್ರಿನ ಬಚ್ಚಲ ಬಾಗಿಲ ಹತ್ರ ಇಟ್ಟಿರ್ರಿ.

ಕರೆಂಟ್ ಹೋಗಿ ಜಳಕ ತಪ್ಪಿದ ದಿನ ಎಲ್ಲಾನೂ ಬಿಡಬ್ಯಾಡ್ರಿ. ಐದು ಲೀಟರ್ ನೀರಿನಾಗ ಮುಖ, ಕಂಕಳು, ತೊಡಿ ಸಂದಿ, ಕಾಲು ತೊಳದು ಒಳ ಅರಿಬಿ ಬದಲಿ ಮಾಡ್ರಿ. ಐದು ನಿಮಿಷದ ಕೆಲಸ, ಆ ದಿನದ ಲಾಗಿನ್ ಕೆಡೂದಿಲ್ಲ.

ದುರ್ಗದಬೈಲ್_ಸಲೂನ್:

ಮ್ಯಾಲಿನವರು ಚಲೋ ಹೇಳ್ಯಾರ. ನಾ ದಾಡಿ ಅಷ್ಟ ಹೇಳ್ತೀನಿ, ಅದು ನಮ್ಮ ಕಸಬು.

ಏಳು ದಿನದ ದಾಡಿಗೆ ನೇರ ರೇಜರ್ ಹಾಕೂದ ಗುಳ್ಳಿಗೆ ಮೂಲ. ಉದ್ದ ಕೂದ್ಲು ಬ್ಲೇಡಿನ ಸಂದಿಯೊಳಗ ತುಂಬಿ, ಬ್ಲೇಡ್ ಕೊಯ್ಯೂ ಬದ್ಲಿ ಎಳೀತೈತಿ. ಎಳೀತು ಅಂತ ನೀವು ಇನ್ನಷ್ಟು ಒತ್ತತೀರಿ. ಮತ್ತ ಗಂಟಲ ಕೆಳಗ ಕೂದ್ಲು ಒಂದ ದಿಕ್ಕಿಗೆ ಬೆಳ್ಯಾಂಗಿಲ್ಲ. ಒಂದ ಕಡೆ ಕೆಳಗ, ಮಗ್ಗಲಕ್ಕ ಅಡ್ಡ, ಕೆಲವರಿಗೆ ಕೆಳಗಿಂದ ಮ್ಯಾಲೆ. ಉಲ್ಟಾ ಎಳದು ನುಣ್ಣಗ ಮಾಡಿದ್ರ ಕೂದ್ಲಿನ ತುದಿ ಚರ್ಮದ ಒಳಗ ಉಳೀತೈತಿ, ಬೆಳಿಯೂ ಹೊತ್ತಿನಾಗ ಅಲ್ಲೇ ಸುತ್ತಿಕೊಂಡು ಕೆಂಪಾಗತೈತಿ. ಅದ ನಿಮ್ಮ ಗುಳ್ಳಿ.

ಮೊದ್ಲ ಒಣ ಮುಖದ ಮ್ಯಾಲೆ ಬೆರಳು ಆಡಿಸಿ ನೋಡ್ರಿ. ಯಾವ ಕಡೆ ನುಣ್ಣಗ ಹತ್ತತೈತೋ ಅದು ಕೂದ್ಲಿನ ದಿಕ್ಕು, ಚುಚ್ಚೂದು ಉಲ್ಟಾ. ಗಂಟಲಿನ ಎಡಬಲ ಬ್ಯಾರೆ ಬ್ಯಾರೆ ನೋಡ್ಕೋರಿ.

ನೀರಿನ ಮಾತು ದೊಡ್ಡದು. ಬೋರಿನ ಗಡುಸು ನೀರಿನಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರ್ತಾವ. ಅವು ಸಾಬೂನಿನ ಕೂಡ ಸೇರಿ ಬಿಳಿ ಮಡ್ಡಿ ಆಗತೈತಿ, ನೊರಿ ಬರಾಂಗಿಲ್ಲ. ಬಂದ ನೊರಿನೂ ಅರ್ಧ ನಿಮಿಷಕ್ಕ ಕೂಡತೈತಿ. ನೊರಿ ಇಲ್ಲದ ಮುಖದ ಮ್ಯಾಲೆ ಬ್ಲೇಡ್ ಜಾರಾಂಗಿಲ್ಲ. ಒಂದು ದಾಡಿಗೆ ಒಂದು ಲೀಟರ್ ನೀರು ಸಾಕು. ಮಲಪ್ರಭಾ ನೀರು ಬಂದ ದಿನ ಐದು ಲೀಟರಿನ ಕ್ಯಾನ್ ತುಂಬಿ ಮುಖಕ್ಕ, ದಾಡಿಗೆ ಅಂತ ಬ್ಯಾರೆ ಇಟ್ಕೋರಿ. ಅದೂ ಇಲ್ಲಂದ್ರ ಬೋರಿನ ನೀರು ಕುದಿಸಿ, ಆರಿದ ಮ್ಯಾಲೆ ಮ್ಯಾಲಿನ ತಿಳಿ ಬಸಿದುಕೋರಿ, ತಳದಾಗ ಬಿಳಿ ಪುಡಿ ಉಳೀತೈತಿ. ಎಲ್ಲಾ ಗಡುಸು ಹೋಗಾಂಗಿಲ್ಲ, ಒಂದು ಪಾಲು ಹೋಗತೈತಿ.

ದಾಡಿ ಜಳಕ ಆದ ಕೂಡ್ಲೇ ಮಾಡ್ರಿ. ಬಿಸಿನೀರಿನಾಗ ಎರಡು ಮೂರು ನಿಮಿಷ ನೆಂದ ಕೂದ್ಲು ಮೆತ್ತಗಾಗಿ ಸಲೀಸು ಕೊಯ್ತೈತಿ. ವಾರದ ದಾಡಿ ಇದ್ರ ಜಳಕಕ್ಕ ಮೊದ್ಲ ಟ್ರಿಮ್ಮರಿನಿಂದ ಗಾರ್ಡ್ ಇಲ್ಲದ ತಗೀರಿ. ಬ್ರಶ್ ನೆನೆಸಿ ಝಾಡಿಸಿ, ಬದಾಮಿಯಷ್ಟು ಕ್ರೀಮ್ ಹಾಕಿ ಒಂದ ನಿಮಿಷ ಗುಂಡಗ ತಿರುವ್ರಿ. ಆಮ್ಯಾಲೆ ಎರಡ ನಿಮಿಷ ಹಂಗ ಬಿಡ್ರಿ. ಬಾಳ ಮಂದಿ ಇದನ್ನ ಬಿಟ್ಟುಬಿಡ್ತಾರ, ಅಲ್ಲೇ ಅರ್ಧ ಕೆಲಸ ಇರತೈತಿ. ರೇಜರ್ ಒತ್ತಬ್ಯಾಡ್ರಿ, ಅದರ ತೂಕನ ಸಾಕು. ಬೆರಳಗಲದಷ್ಟು ಸಣ್ಣ ಸಣ್ಣ ಎಳತ, ಎರಡು ಎಳತಕ್ಕ ಒಮ್ಮೆ ನೀರಾಗ ಅದ್ದ್ರಿ. ಮೊದಲ ಸುತ್ತು ಕೂದ್ಲಿನ ದಿಕ್ಕಿಗೆ. ನುಣ್ಣಗ ಬೇಕಂದ್ರ ಮತ್ತೊಮ್ಮೆ ನೊರಿ ಹಚ್ಚಿ ಅಡ್ಡ ಎಳೀರಿ. ಗಂಟಲ ಕೆಳಗ ಉಲ್ಟಾ ಎಳೀಲೇಬ್ಯಾಡ್ರಿ, ಎಷ್ಟ ಆಸೆ ಆದ್ರೂ. ತಣ್ಣೀರಿನಿಂದ ತೊಳದು, ತುರಟಿ (ಪಟಿಕ) ಹಸಿ ಮಾಡಿ ಒಮ್ಮೆ ಆಡಿಸಿ, ಅರ್ಧ ನಿಮಿಷಕ್ಕ ತೊಳೀರಿ. ತುರಟಿ ನಿಮ್ಮದ ಸ್ವಂತದ್ದು ಇರ್ಲಿ, ಮನ್ಯಾಗ ನಾಕು ಮಂದಿ ಒಂದ ತುಂಡು ಬಳಸಬ್ಯಾಡ್ರಿ.

ಎರಡೂ ಕಡೆ ಧಾರಿ ಇರೂ ಬ್ಲೇಡ್ ನಾಕೈದು ದಾಡಿಗೆ ಮುಗೀತು. ಬ್ಲೇಡ್ ಟವೆಲ್ಲಿಗೆ ಒರಸಿದ್ರ ಧಾರಿ ಕೆಡತೈತಿ. ನೀರು ಝಾಡಿಸಿ ಬಚ್ಚಲದಿಂದ ಹೊರಗ ಒಣಗಾಕ ಇಡ್ರಿ. ಈಗ ಎದ್ದ ಗುಳ್ಳಿ ಮಾಯೂತನಕ ರೇಜರ್ ಬ್ಯಾಡ, ಟ್ರಿಮ್ಮರ್ ಅಷ್ಟ. ಚಿವುಟಬ್ಯಾಡ್ರಿ, ಕಲಿ ಉಳೀತಾವ.

ಬೆಟಗೇರಿ_ಫಾರ್ಮಸಿ:

ಹೊಟ್ಟು ಮತ್ತು ತೊಡೆ ಸಂದಿಯ ಕೆರೆತದ ಬಗ್ಗೆ ಬರೆಯುತ್ತೇನೆ. ಎರಡನೆಯದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಹೊಟ್ಟಿಗೆ ಎಣ್ಣೆ ಮದ್ದಲ್ಲ. ತಲೆಯ ಚರ್ಮದ ಮೇಲಿನ ಒಂದು ಶಿಲೀಂಧ್ರ ಎಣ್ಣೆಯಂಶ ತಿಂದೇ ಬೆಳೆಯುತ್ತದೆ, ರಾತ್ರಿಯಿಡೀ ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಹಾಕಿದಂತೆ. ಕೀಟೋಕೊನಜೋಲ್ 2 ಪರ್ಸೆಂಟ್ ಶಾಂಪೂ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಕೂದಲು ತೋಯಿಸಿ, ಒಂದು ಚಮಚ ಶಾಂಪೂವನ್ನು ಕೂದಲಿಗಲ್ಲ, ಬುಡದ ಚರ್ಮಕ್ಕೆ ತಾಗುವಂತೆ ತಿಕ್ಕಿ ಐದು ನಿಮಿಷ ಬಿಟ್ಟು ತೊಳೆಯಿರಿ. ಹಾಕಿದ ಕೂಡಲೇ ತೊಳೆದರೆ ಔಷಧ ಕೆಲಸ ಮಾಡುವುದಿಲ್ಲ. "ಇದರಿಂದ ಉಪಯೋಗ ಆಗಲಿಲ್ಲ" ಎನ್ನುವವರಲ್ಲಿ ಬಹಳಷ್ಟು ಜನ ಮಾಡುವುದು ಇದನ್ನೇ. ಬೋರಿನ ನೀರಲ್ಲಿ ತಲೆ ತೊಳೆದರೂ ಕೊನೆಯ ಎರಡು ಚೊಂಬು ನಳದ ನೀರು ಹಾಕಿ. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಸಾಕು.

ಇನ್ನು ಕೆರೆತ. ಅಂಚು ಕೆಂಪಾಗಿ, ನಡುವೆ ತಿಳಿಯಾಗಿ, ಉಂಗುರದಂತೆ ಹರಡುತ್ತಿದ್ದರೆ ಅದು ಹುಳಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು. ದಿನವಿಡೀ ರೆಗ್ಜಿನ್ ಕುರ್ಚಿ, ಮಲಗಿದ್ದೇ ನೈಟ್ ಪ್ಯಾಂಟ್, ಜಳಕ ಸಂಜೆಗೆ: ಬೆವರು ಆರದ ಜಾಗ ಅದಕ್ಕೆ ಬೇಕಾದದ್ದೇ. ಮೆಡಿಕಲ್ ಅಂಗಡಿಗೆ ಹೋಗಿ "ಕೆರೆತಕ್ಕೊಂದು ಟ್ಯೂಬ್ ಕೊಡ್ರಿ" ಅನ್ನಬೇಡಿ. ಟ್ಯೂಬಿನ ಮೇಲೆ ಕ್ಲೋಬೆಟಸೋಲ್, ಬೀಟಾಮೆಥಸೋನ್ ಎಂಬ ಹೆಸರಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಎರಡು ದಿನದಲ್ಲಿ ಕೆರೆತ ನಿಲ್ಲುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹರಡುತ್ತದೆ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬರುತ್ತದೆ, ಚರ್ಮ ತೆಳುವಾಗಿ ಬರೆಗಳು ಬೀಳುತ್ತವೆ, ಉಂಗುರದ ಗುರುತೂ ಅಳಿಸಿ ಡಾಕ್ಟರಿಗೆ ಗುರುತಿಸುವುದು ಕಷ್ಟವಾಗುತ್ತದೆ. ಸಾದಾ ಕ್ಲೋಟ್ರಿಮಜೋಲ್ (ಶಿಲೀಂಧ್ರಕ್ಕೆ ಹಚ್ಚುವ ಮುಲಾಮು) ಆದರೆ ದಿನಕ್ಕೆ ಎರಡು ಹೊತ್ತು, ಒಣಗಿದ ಚರ್ಮಕ್ಕೆ, ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು. ಕಲೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ಸಕ್ಕರೆ ಕಾಯಿಲೆ ಇದ್ದರೆ, ಚರ್ಮದ ಡಾಕ್ಟರಿಗೆ ತೋರಿಸಿ. ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಯಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ) ಚರ್ಮರೋಗ ವಿಭಾಗವಿದೆ.

ಟವೆಲ್ ಒಬ್ಬರಿಗೊಂದು. ಮಳೆಗಾಲದಲ್ಲಿ, ಅದರಲ್ಲೂ ಧಾರವಾಡದ ಜಿಟಿಜಿಟಿಯಲ್ಲಿ, ಬಾಗಿಲ ಮೇಲೆ ಮಡಚಿ ಹಾಕಿದ ಟವೆಲ್ ಒಣಗುವುದೇ ಇಲ್ಲ. ಹಗ್ಗದ ಮೇಲೆ ಒಂದೇ ಪದರ ಹರಡಿ ಫ್ಯಾನ್ ಹಾಕಿ. ಒಳ ಅರಿವೆಗೆ ಹಾಕಿಕೊಳ್ಳುವ ಮುಂಚೆ ಒಳಬದಿಯಿಂದ ಇಸ್ತ್ರಿ ಹೊಡೆಯಿರಿ.

ಉಣಕಲ್_ಕ್ರಾಸ್:

ಬಾಳ ಉಪಕಾರ ಆತ್ರಿ. ನಾ ಕೆರತಕ್ಕ ಹಚ್ಚೂ ಟ್ಯೂಬಿನ ಮ್ಯಾಲೆ ಕ್ಲೋಬೆಟಸೋಲ್ ಅಂತನ ಐತಿ, ಇವತ್ತ ಬಿಟ್ಟು ಡಾಕ್ಟರಿಗೆ ತೋರಸ್ತೀನಿ. ಇನ್ನೆರಡು ಕೇಳೂದೈತಿ. ತಂಗಿದು ಅಮೆರಿಕಾ ಶಿಫ್ಟ್, ಸಂಜಿ 6:30ರಿಂದ ರಾತ್ರಿ 3:30. ಜಳಕ, ತಲಿ ತೊಳಿಯೂದು ಯಾವಾಗ? ಹೆಡ್‌ಸೆಟ್ಟಿನ ಫೋಮ್ ಸಿಪ್ಪಿ ಸಿಪ್ಪಿ ಏಳತೈತಿ, ಗಲ್ಲದ ಮ್ಯಾಲೆ ಮೊಡವಿ. ಮತ್ತ ಟ್ರಿಮ್ಮರ್ ಎಷ್ಟು ಎಂಎಂ ಇಟ್ರ ಕ್ಯಾಮೆರಾದಾಗ ನೆಟ್ಟಗ ಕಾಣತೈತಿ?

ರಾಣೆಬೆನ್ನೂರು_ರಾತ್ರಿಪಾಳಿ:

ತಂಗಿಗೆ ಹೇಳ್ರಿ, ಗಡಿಯಾರ ನೋಡಬ್ಯಾಡ, ಎದ್ದ ಹೊತ್ತ ಮುಂಜಾನೆ ಅಂತ ತಿಳ್ಕೋ ಅಂತ. 4ಕ್ಕ ಮಲಗಿ 11:30ಕ್ಕ ಎದ್ರ ಆಗ ಹಲ್ಲು, ಆಗ ಜಳಕ. ಶಿಫ್ಟಿಗೆ ಮೊದ್ಲ ಜಳಕ ಅಂತ ಸಂಜಿ ಐದಕ್ಕ ಇಟ್ಕೊಂಡ್ರ ಐದಾರು ತಾಸು ಮಲಗಿದ ಅರಿಬಿ ಮ್ಯಾಲೇನ ಹೋಗ್ತೈತಿ. ಜಳಕ ಇಲ್ಲದ ಅಡಿಗಿ ಮನಿಗೆ ಬರಬ್ಯಾಡ ಅನ್ನೂ ಮನಿಯೊಳಗ ಊಟಕ್ಕೂ ಕಿರಿಕಿರಿ. ಸಂಜಿ ಆರಕ್ಕ ಮುಖ ತೊಳದು, ತಲಿ ಬಾಚಿ, ಅರಿಬಿ ಬದಲಿ ಮಾಡಿದ್ರ ಸಾಕು.

ತಲಿ ತೊಳಿಯೂದು 11:30ರ ಜಳಕದಾಗನ, ಬಿಸಿಲಿಗೆ ಒಣಗಾಕ ಹೊತ್ತು ಸಿಗತೈತಿ. ಹಸಿ ತಲಿಗೆ ಹೆಡ್‌ಸೆಟ್ ಹಾಕಬಾರದು, ಹಸಿ ತಲಿ ಕಟ್ಟಿ ಮಲಗಬಾರದು. ಎಣ್ಣಿ ಹಚ್ಚೂದಿದ್ರ ತಲಿ ತೊಳಿಯೂ ಒಂದ ತಾಸು ಮೊದ್ಲ ಹಚ್ಚಬೇಕು, ಶಿಫ್ಟಿಗೆ ಮೊದ್ಲ ಅಲ್ಲ. ಫೋಮ್ ಸಿಪ್ಪಿ ಏಳೂದಕ್ಕ ಎಣ್ಣಿ, ಬೆವರು ಕಾರಣ: ಮ್ಯಾಲಿನ ತೆಳು ರೆಗ್ಜಿನ್ ಪದರ ಬಿರೀತೈತಿ, ಆ ಬಿರುಕಿನಾಗ ಹೊಲಸು ಕೂತು ಗಲ್ಲಕ್ಕ ತಿಕ್ಕತೈತಿ. ಶಿಫ್ಟ್ ಮುಗದ ಮ್ಯಾಲೆ ಹಿಂಡಿದ ಹಸಿ ಬಟ್ಟಿಯಿಂದ ಒರಸಿ, ಒಣ ಬಟ್ಟಿಯಿಂದ ಮತ್ತೊಮ್ಮೆ ಒರಸ್ರಿ. ಸ್ಯಾನಿಟೈಜರ್ ಬ್ಯಾಡ, ಪದರ ಇನ್ನೂ ಬೇಗ ಬಿರೀತೈತಿ. ಸಿಪ್ಪಿ ಎದ್ದದ್ದು ದುರಸ್ತಿ ಆಗಾಂಗಿಲ್ಲ, ಕುಶನ್ ಜೋಡಿ ಬ್ಯಾರೆ ಸಿಗತಾವ. ಹೆಡ್‌ಸೆಟ್ ಮಾಡೆಲ್ ಹೇಳಿ, ಬಟ್ಟಿ ಹೊದಿಕಿದ್ದು ತಗೋರಿ.

ಜುಟ್ಟು ಬಿಗಿ ಕಟ್ಟಿ ಒಂಬತ್ತು ತಾಸು ಕುಂತ್ರ ಹಣಿ ಅಂಚಿನ ಕೂದ್ಲು ಉದರತಾವ. ಸಡಿಲ ಜಡಿ ಹಾಕ್ಕೊಂಡು, ಹೆಡ್‌ಸೆಟ್ ಪಟ್ಟಿ ದಿನಾ ಸ್ವಲ್ಪ ಹಿಂದ ಮುಂದ ಸರಿಸಲಿ. ಕಾಡಿಗಿ ತಗದ ಮಲಗಬೇಕು. ಚಹಾ ಕಡೀದ್ದು ರಾತ್ರಿ ಹತ್ತಕ್ಕ, ಆಮ್ಯಾಲೆ ಕುಡದ್ರ ನಾಕಕ್ಕ ನಿದ್ದಿ ಬರಾಂಗಿಲ್ಲ. ಮಲಗೂ ಖೋಲಿ ಕಿಟಕಿಗೆ ದಪ್ಪ ಪರದೆ ಹಾಕ್ರಿ. ಎದ್ದ ಮ್ಯಾಲೆ ಅರ್ಧ ತಾಸು ಬೆಳಕಿನಾಗ ಕೂಡಬೇಕು, ಇಲ್ಲಂದ್ರ ಮೈಗೆ ಹಗಲಾತು ಅಂತ ತಿಳಿಯಾಂಗಿಲ್ಲ.

ದುರ್ಗದಬೈಲ್_ಸಲೂನ್:

ಎಂಎಂ ಗಲ್ಲ ನೋಡಿ ಹೇಳಬೇಕಾಗತೈತಿ. ದಟ್ಟ ದಾಡಿಗೆ 3ರಿಂದ 5. ಗಲ್ಲದ ಮ್ಯಾಲೆ ಅಲ್ಲಲ್ಲಿ ಖಾಲಿ ಇದ್ರ 1 ಇಲ್ಲಾ 2. ಉದ್ದ ಬಿಟ್ಟಷ್ಟು ಖಾಲಿ ಜಾಗ ಎದ್ದು ಕಾಣತೈತಿ. ಒಣ ದಾಡಿ ಮ್ಯಾಲೆ, ಮೊದ್ಲ ಬಾಚಿ, ಕೆಳಗಿಂದ ಮ್ಯಾಲೆ ನಡಸ್ರಿ. ಹಸಿ ಇದ್ದಾಗ ಕೂದ್ಲು ಚರ್ಮಕ್ಕ ಅಂಟಿ ಹೆಚ್ಚುಕಡಿಮಿ ಆಗತೈತಿ. ಕೆಳಗಿನ ಅಂಚು ಗಂಟಲಿನ ಎಲುಬು ಉಬ್ಬಿದ ಜಾಗಕ್ಕಿಂತ ಎರಡು ಬೆರಳು ಮ್ಯಾಲೆ ಬರಬೇಕು, ಅದರ ಕೆಳಗಿಂದು ಪೂರ್ತಿ ತಗೀರಿ. ಬಾಳ ಮಂದಿ ಅದನ್ನ ದವಡಿ ಎಲುಬಿನ ತನಕ ಏರಸ್ತಾರ, ಬಾಯಿ ತಗದ್ರ ಗದ್ದ ಜೋಡಿ ಆದಂಗ ಕಾಣತೈತಿ. ವಾರಕ್ಕ ಎರಡು ಸಲ ಮಾಡ್ರಿ, ಬುಧವಾರ ಮತ್ತ ರವಿವಾರ ಅಂತ ಗೊತ್ತು ಮಾಡ್ಕೊಂಡ್ರ ತಪ್ಪಾಂಗಿಲ್ಲ. ಮುಗದ ಮ್ಯಾಲೆ ಸಣ್ಣ ಬ್ರಶ್‌ನಿಂದ ಕೂದ್ಲು ಝಾಡಿಸಿ, ಟ್ರಿಮ್ಮರಿನ ಹಲ್ಲಿನ ಮ್ಯಾಲೆ ಒಂದ ಹನಿ ಮಷಿನ್ ಎಣ್ಣಿ ಬಿಟ್ಟು ಹತ್ತು ಸೆಕೆಂಡ್ ಓಡಿಸಿ ಒರಸಿ ಇಡ್ರಿ. ಎಣ್ಣಿ ಕಾಣದ ಟ್ರಿಮ್ಮರ್ ಆರು ತಿಂಗಳಿಗೆ ಕೂದ್ಲು ಎಳಿಯಾಕ ಹತ್ತತೈತಿ, ಮಂದಿ ಬ್ಯಾಟರಿ ಹೋತು ಅಂತ ತಿಳದು ಹೊಸಾದು ತರತಾರ.